ಬ್ರಿಸ್ಟಲ್ 173 ಕಿಟ್: ಹೊರಗಿನ ಬಣ್ಣ ಸಾಧಾರಣ, ಒಳಗಿನ ಶಾಫ್ಟ್ ಬಲು ಚೆನ್ನ

ಮೊದಲೇ ಹೇಳಿಬಿಡುತ್ತೇನೆ, ಬ್ರಿಸ್ಟಲ್ 173 ಎಂಬ ಹಳೆಯ ಹೆಲಿಕಾಪ್ಟರಿನ ಮಾದರಿ ಜೋಡಿಸುವ ಈ ಕಿಟ್ ತಗೊಳ್ಳಬಹುದು. ಬಣ್ಣ ಸಾಧಾರಣ. ಬ್ಲೇಡುಗಳು ನಮ್ಮ ಮಳೆಗಾಲಕ್ಕೆ ತಡೆಯುವುದಿಲ್ಲ. ಜೋಡಣೆಯ ಹಾಳೆಯಲ್ಲಿ ಬಹಳ ಮುಖ್ಯವಾದ ಒಂದು ಹಂತವೇ ಬಿಟ್ಟುಹೋಗಿದೆ. ಆದರೂ ತಗೊಳ್ಳಿ ಎನ್ನುತ್ತೇನೆ. ಸಾಮಾನ್ಯವಾಗಿ ಸಿಗುವ ಹೆಲಿಕಾಪ್ಟರ್ ಮಾದರಿಗಳಲ್ಲಿ ಹೊರಗಿನ ಮೈ ಚೆಂದ ಇರುತ್ತದೆ, ಒಳಗೆ ಏನೂ ಇರುವುದಿಲ್ಲ. ಇದರಲ್ಲಿ ಒಳಗಿನದ್ದೇ ಚೆಂದ.

ಸಾಗರದ ಸೊರಬ ರಸ್ತೆಯಲ್ಲಿ ನನ್ನದೊಂದು ರಿಪೇರಿ ಅಂಗಡಿ ಇದೆ. ಅಡಿಕೆ ಸುಲಿಯುವ ಮಷಿನ್, ಔಷಧಿ ಹೊಡೆಯುವ ಪಂಪು, ಕಳೆ ಹೊಡೆಯುವ ಮಷಿನ್, ನೀರಿನ ಮೋಟರ್, ಇವೇ ನನ್ನ ದಿನದ ಕೆಲಸ. ಗೇರು, ಬೇರಿಂಗು, ಬೆಲ್ಟು ಕಂಡರೆ ಕೈ ತಾನಾಗೇ ಅತ್ತ ಹೋಗುತ್ತದೆ. ಹಾಗಾಗಿ ಇದನ್ನು ನಾನು ಮೆಕ್ಯಾನಿಕ್ ಕಣ್ಣಿನಿಂದಲೇ ನೋಡಿದ್ದೇನೆ. ಗಾಜಿನ ಕಪಾಟಿನಲ್ಲಿಟ್ಟು ಅಂದ ನೋಡುವವರ ಲೆಕ್ಕ ಬೇರೆ ಇರಬಹುದು.

ಬೆಂಗಳೂರಿನ ಒಂದು ಸಣ್ಣ ವರ್ಕ್‌ಶಾಪ್‌ನವರು ಇದನ್ನು ತ್ರೀಡಿ ಪ್ರಿಂಟರಿನಲ್ಲಿ ಮಾಡಿ ಮಾರುತ್ತಾರೆ. ಕೊರಿಯರ್ ಸೇರಿ 4,200 ರೂಪಾಯಿ ಆಯಿತು. ಅಳತೆ 1:48. ಮೈ ಸುಮಾರು 35 ಸೆಂ.ಮೀ. ಉದ್ದ, ಒಂದೊಂದು ರೋಟರು, ಅಂದರೆ ಮೇಲೆ ತಿರುಗುವ ಬ್ಲೇಡುಗಳ ಚಕ್ರ, ಹತ್ತಿರ ಹತ್ತಿರ 31 ಸೆಂ.ಮೀ. ಅಗಲ. ಬಲಗಡೆ ಪೂರ್ತಿ ಮೈ ಇದೆ. ಎಡಗಡೆ ಮಾತ್ರ ಪಾರದರ್ಶಕ ಹಾಳೆ, ಒಳಗಿನದೆಲ್ಲ ಕಾಣುತ್ತದೆ. ಕೆಳಗೆ ಮರದ ಸ್ಟ್ಯಾಂಡು, ಅದರ ಪಕ್ಕಕ್ಕೆ ಕೈಯಿಂದ ತಿರುಗಿಸುವ ಹಿಡಿ. ಹಿಡಿ ತಿರುಗಿಸಿದರೆ ಚಾವಣಿಯ ಉದ್ದಕ್ಕೂ ಹೋದ ಹಿತ್ತಾಳೆ ಶಾಫ್ಟ್ ತಿರುಗುತ್ತದೆ. ಅದರ ಎರಡು ತುದಿಯಲ್ಲಿರುವ ಗೇರುಗಳು ಎರಡು ರೋಟರುಗಳನ್ನು ಎದುರುಬದುರು ದಿಕ್ಕಿಗೆ ತಿರುಗಿಸುತ್ತವೆ.

ಇದು ಯಾವ ಹೆಲಿಕಾಪ್ಟರಿನ ಮಾದರಿ ಎಂಬುದನ್ನೂ ಹೇಳಬೇಕು. ಕೇಳಿದವರು ಕಡಿಮೆ. ಇಂಗ್ಲೆಂಡಿನ ಬ್ರಿಸ್ಟಲ್ ಕಂಪನಿ ಪ್ರಯೋಗಕ್ಕೆಂದು ಮಾಡಿದ ಯಂತ್ರ ಇದು. ವಿನ್ಯಾಸ ರವೂಲ್ ಹಾಫ್ನರ್ ಅವರದ್ದು. ವಿಯೆನ್ನಾದಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದು ನೆಲೆಸಿದವರು. ಅದಕ್ಕೂ ಮೊದಲು ಅವರು ಸಿಕಮೋರ್ ಎಂಬ ಒಂದೇ ರೋಟರಿನ ಸಣ್ಣ ಹೆಲಿಕಾಪ್ಟರ್ ಮಾಡಿದ್ದರು, ಅದು 1947ರಲ್ಲಿ ಹಾರಿತ್ತು. ಆ ಸಿಕಮೋರಿನ ರೋಟರನ್ನೇ ತೆಗೆದುಕೊಂಡು, ಉದ್ದನೆಯ ಮೈಯ ಮುಂದೊಂದು ಹಿಂದೊಂದು ಕೂರಿಸಿದರೆ ದೊಡ್ಡ ಭಾರ ಎತ್ತಬಹುದಲ್ಲ ಎಂಬುದು ಯೋಚನೆ. ಹೊಸದಾಗಿ ದೊಡ್ಡ ರೋಟರು ಮಾಡುವ ತಾಪತ್ರಯ ಇಲ್ಲ. ಗೊತ್ತಿರುವ ಭಾಗವನ್ನೇ ಎರಡು ಹಾಕು. ನಮ್ಮ ಕಸುಬಿನವರಿಗೆ ಈ ಬುದ್ಧಿ ತಕ್ಷಣ ಅರ್ಥವಾಗುತ್ತದೆ.

ಎಂಜಿನ್ನೂ ಎರಡು. ಆಲ್ವಿಸ್ ಲಿಯೋನೈಡಿಸ್ ಎಂಬ ಒಂಬತ್ತು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಒಂದೊಂದಕ್ಕೂ 500 ಅಶ್ವಶಕ್ತಿಗೂ ಜಾಸ್ತಿ. ಒಂದು ಮುಂದೆ ಪೈಲಟ್ಟಿನ ಬೆನ್ನ ಹಿಂದೆ, ಇನ್ನೊಂದು ಬಾಲದ ಹತ್ತಿರ. ನಡುವೆ ಜನ ಕೂರುವ ಜಾಗ. ಮೊದಲ ಯಂತ್ರದ ಗುರುತು ಜಿ-ಎಎಲ್‌ಬಿಎನ್. ಅದು 1952ರ ಜನವರಿ 3ರಂದು ಫಿಲ್ಟನ್‌ನಲ್ಲಿ ನೆಲ ಬಿಟ್ಟಿತು. ಹಾರಿಸಿದವರು ಹೋಸ್‌ಗುಡ್ ಎಂಬ ಪೈಲಟ್.

ಕಿಟ್ಟಿನ ಡಬ್ಬದ ಮೇಲೆ "ಪ್ರಪಂಚದ ಮೊದಲ ಜೋಡಿ ರೋಟರ್ ಹೆಲಿಕಾಪ್ಟರ್" ಎಂದು ದಪ್ಪಕ್ಷರದಲ್ಲಿ ಹಾಕಿದ್ದಾರೆ. ಇದು ತಪ್ಪು, ಮಾರುವವರು ತಿದ್ದಬೇಕು. ಮಕ್ಕಳು ಓದಿ ನಂಬಿಬಿಡುತ್ತಾರೆ. ಫ್ರಾನ್ಸಿನ ಪಾಲ್ ಕೊರ್ನು 1907ರಲ್ಲೇ ಹಿಂದೆ ಮುಂದೆ ಎರಡು ರೋಟರಿನ ಯಂತ್ರ ಮಾಡಿದ್ದ. ಅವನು ಸೈಕಲ್ ಕಸುಬಿನವನು. 24 ಅಶ್ವಶಕ್ತಿಯ ಒಂದು ಎಂಜಿನ್, ಅದರಿಂದ ಎರಡು ರೋಟರಿಗೂ ಬೆಲ್ಟು! ಆ ಬೆಲ್ಟುಗಳು ಎಷ್ಟು ಜಾರಿರಬಹುದು ಎಂದು ನೆನೆದರೆ ಈಗಲೂ ಅವನ ಮೇಲೆ ಗೌರವ ಬರುತ್ತದೆ. ಬೆಲ್ಜಿಯಮ್ಮಿನಲ್ಲಿ ನಿಕೊಲಾಸ್ ಫ್ಲೊರಿನ್ 1933ರಲ್ಲಿ ಇಂಥದ್ದನ್ನೇ ನೆಲದಿಂದ ಎತ್ತಿ ನಿಲ್ಲಿಸಿದ್ದ. ಅಮೆರಿಕದ ಫ್ರಾಂಕ್ ಪಿಯಾಸೆಕಿ 1945ರ ಹೊತ್ತಿಗೆ ಬಾಳೆಹಣ್ಣಿನ ಆಕಾರದ್ದನ್ನು ಹಾರಿಸಿಯಾಗಿತ್ತು. ಹಿಂದೆ ಮುಂದೆ ರೋಟರಿನವುಗಳಲ್ಲಿ ಬ್ರಿಸ್ಟಲ್ 173 ಬ್ರಿಟನ್ನಿಗೆ ಮೊದಲನೆಯದು, ಅಷ್ಟೇ. ಅದೇನು ಸಣ್ಣ ಮಾತಲ್ಲ. ಇದ್ದಿದ್ದನ್ನು ಇದ್ದಂತೆ ಬರೆದರೆ ಸಾಕಿತ್ತು.

ಈಗ ಶಾಫ್ಟಿನ ವಿಷಯಕ್ಕೆ ಬರುತ್ತೇನೆ. ಈ ಕಿಟ್ಟಿನ ಜೀವ ಇರುವುದು ಅಲ್ಲೇ.

ನಿಜವಾದ 173ರಲ್ಲಿ ಒಂದೊಂದು ಎಂಜಿನ್ ತನ್ನ ಹತ್ತಿರದ ರೋಟರನ್ನು ತಿರುಗಿಸುತ್ತದೆ. ಆದರೆ ಎರಡೂ ರೋಟರುಗಳನ್ನು ಉದ್ದನೆಯ ಒಂದು ಶಾಫ್ಟ್ ಸೇರಿಸುತ್ತದೆ. ಇದು ಎರಡು ಕಾರಣಕ್ಕೆ ಬೇಕು. ಮೊದಲನೆಯದು, ಒಂದು ಎಂಜಿನ್ ಕೈಕೊಟ್ಟರೆ ಇನ್ನೊಂದು ಎಂಜಿನ್ ಎರಡೂ ರೋಟರನ್ನು ತಿರುಗಿಸಬೇಕು. ಇಲ್ಲದಿದ್ದರೆ ಒಂದು ಕಡೆ ಕುಸಿದು ಅಲ್ಲಿಗೆ ಮುಗಿಯಿತು. ಎರಡನೆಯದು, ಎರಡು ರೋಟರುಗಳ ನಡುವಿನ ದೂರ ಒಂದು ರೋಟರಿನ ಅಗಲಕ್ಕಿಂತ ಕಡಿಮೆ. ಅಂದರೆ ನಡುವೆ ಸ್ವಲ್ಪ ಜಾಗದಲ್ಲಿ ಮುಂದಿನ ರೋಟರಿನ ಬ್ಲೇಡೂ ಓಡಾಡುತ್ತದೆ, ಹಿಂದಿನದೂ ಓಡಾಡುತ್ತದೆ. ಒಂದು ಬಂದಾಗ ಇನ್ನೊಂದು ಇರಬಾರದು. ಇದನ್ನು ಕಾಯುವುದು ಶಾಫ್ಟ್ ಮತ್ತು ಗೇರಿನ ಹಲ್ಲುಗಳು. ಒಂದು ಹಲ್ಲು ಆಚೀಚೆ ಆಗುವಂತಿಲ್ಲ.

ಕಿಟ್ಟಿನಲ್ಲಿ ಈ ಭಾಗ ಎಷ್ಟು ಅಚ್ಚುಕಟ್ಟಾಗಿದೆ ಎಂದರೆ, ಬಿಚ್ಚಿ ನೋಡಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಹಿತ್ತಾಳೆ ಸರಳು ನೇರವಾಗಿದೆ, ಗಾಜಿನ ಮೇಲೆ ಉರುಳಿಸಿ ನೋಡಿದೆ, ಎಲ್ಲೂ ಎಗರಲಿಲ್ಲ. ಮೂರು ಕಡೆ ಶಾಫ್ಟನ್ನು ಹಿಡಿದಿಡುವ ಬುಷ್ ಕೊಟ್ಟಿದ್ದಾರೆ, ನಡುವಿನ ಬುಷ್ ಇರುವುದರಿಂದ ಶಾಫ್ಟ್ ಬಾಗುವುದಿಲ್ಲ. ತಿರುಗುವುದನ್ನು ಅಡ್ಡದಿಂದ ಮೇಲಕ್ಕೆ ದಾಟಿಸುವ ಓರೆ ಹಲ್ಲಿನ ಬೆವೆಲ್ ಗೇರುಗಳು ನೈಲಾನಿನವು, ಎಲ್ಲದರದ್ದೂ ಒಂದೇ ಹಲ್ಲಿನ ಲೆಕ್ಕ. ಎರಡು ತುದಿಗೂ ಒಂದೇ ರೀತಿ ಗೇರು ಕೂರಿಸಿದರೆ ಸಾಕು, ರೋಟರುಗಳು ತಾವಾಗೇ ಎದುರುಬದುರು ತಿರುಗುತ್ತವೆ. ಕನ್ನಡಿಯಲ್ಲಿ ನೋಡಿದ ಹಾಗೆ ಒಂದರ ಎದುರು ಒಂದು ಇರುವುದರಿಂದ ಹಾಗಾಗುತ್ತದೆ. ಬೇರೆ ಗೇರು ಸೇರಿಸುವ ಕೆಲಸವೇ ಇಲ್ಲ. ಒಂಬತ್ತನೇ ಕ್ಲಾಸಿನ ನನ್ನ ಮಗಳು ಜೋಡಿಸುವಾಗ ಜೊತೆಗಿದ್ದಳು. "ಬಾಲದಲ್ಲಿ ಸಣ್ಣ ಫ್ಯಾನ್ ಇಲ್ವಲ್ಲ ಅಪ್ಪಾ, ಇದು ಗಿರಗಿರ ಅಂತ ಸುತ್ತೋದಿಲ್ವಾ?" ಎಂದು ಕೇಳಿದಳು. ಹಿಡಿ ತಿರುಗಿಸಿ ತೋರಿಸಿದೆ. ಒಂದು ರೋಟರು ಮೈಯನ್ನು ಎಡಕ್ಕೆ ತಳ್ಳಿದರೆ ಇನ್ನೊಂದು ಬಲಕ್ಕೆ ತಳ್ಳುತ್ತದೆ, ಲೆಕ್ಕ ಸರಿಹೋಗುತ್ತದೆ. ಬಾಲದ ಫ್ಯಾನಿಗೆ ಹೋಗುವ ಶಕ್ತಿಯೂ ಭಾರ ಎತ್ತುವುದಕ್ಕೇ ಸಿಗುತ್ತದೆ. ಅವಳು ನನ್ನ ಕೈಯಿಂದ ಹಿಡಿ ಕಿತ್ತುಕೊಂಡು ಇನ್ನೂ ಜೋರಾಗಿ ತಿರುಗಿಸಿದಳು.

ಹಾಳೆಯಲ್ಲಿ ಬಿಟ್ಟುಹೋದ ಹಂತ ಯಾವುದು ಎಂದರೆ, ರೋಟರುಗಳ ಟೈಮಿಂಗ್. ಚಿತ್ರದಲ್ಲಿ ಸುಮ್ನೆ ರೋಟರು ಕೂರಿಸಿ ಗ್ರಬ್ ಸ್ಕ್ರೂ ಬಿಗಿ ಮಾಡಿ ಎಂದಿದೆ. ಹಾಗೆ ಮಾಡಿದರೆ ನಡುವೆ ಬ್ಲೇಡಿಗೆ ಬ್ಲೇಡು ಬಡಿಯುವ ಸಾಧ್ಯತೆ ಜಾಸ್ತಿ. ಕೊಂಡವರು ಹೀಗೆ ಮಾಡಿ: ಮುಂದಿನ ರೋಟರಿನ ಒಂದು ಬ್ಲೇಡನ್ನು ಸೀದಾ ಬಾಲದ ಕಡೆ ತಿರುಗಿಸಿ ಹಿಡಿಯಿರಿ. ಹಿಂದಿನ ರೋಟರಿನ ಒಂದು ಬ್ಲೇಡೂ ಸೀದಾ ಬಾಲದ ಕಡೆಗೇ ಇರಬೇಕು. ಹಾಗಿಟ್ಟು ಸ್ಕ್ರೂ ಬಿಗಿ ಮಾಡಿ. ಮೂರು ಬ್ಲೇಡಿನ ರೋಟರು ಆದ್ದರಿಂದ, ಮುಂದಿನದರ ಬ್ಲೇಡು ನಡುವಿನ ಜಾಗಕ್ಕೆ ಬಂದಾಗ ಹಿಂದಿನದರ ಎರಡು ಬ್ಲೇಡುಗಳ ನಡುವಿನ ಖಾಲಿ ಜಾಗ ಅಲ್ಲಿಗೆ ಬರುತ್ತದೆ. ಆಮೇಲೆ ಎಷ್ಟು ತಿರುಗಿಸಿದರೂ ಬಡಿಯುವುದಿಲ್ಲ. ಹಿಂದಿನ ರೋಟರು ಸ್ವಲ್ಪ ಎತ್ತರದಲ್ಲಿದೆ ನಿಜ, ಆದರೆ ಅದನ್ನೇ ನಂಬಬೇಡಿ. ಬ್ಲೇಡು ಬಗ್ಗುತ್ತದೆ.

ಹಿಂದಿನದು ಯಾಕೆ ಎತ್ತರ ಎಂದು ಅಂಗಡಿಗೆ ಬಂದವರು ಕೇಳುತ್ತಾರೆ. ಮುಂದಕ್ಕೆ ಹೋಗುವಾಗ ಮುಂದಿನ ರೋಟರು ಕದಡಿದ ಗಾಳಿ ಹಿಂದಿನದಕ್ಕೆ ಸಿಗುತ್ತದೆ. ಕದಡಿದ ಗಾಳಿಯಲ್ಲಿ ಅದೇ ಭಾರ ಎತ್ತಲು ಹೆಚ್ಚು ಶಕ್ತಿ ಬೇಕು. ಹಾಗಾಗಿ ಹಿಂದಿನದನ್ನು ಆದಷ್ಟು ಮೇಲಿಡುತ್ತಾರೆ. ಪಿಯಾಸೆಕಿಯ ಯಂತ್ರದ ಮೈ ಬಾಗಿದ್ದೂ ಹಿಂದಿನ ರೋಟರನ್ನು ಮೇಲೆತ್ತುವುದಕ್ಕೇ.

ಇನ್ನು ಈ ಮಾದರಿ ತೋರಿಸಲಾಗದ ಒಂದು ಸಂಗತಿ ಇದೆ. ನನ್ನ ಪ್ರಕಾರ 173ರ ಕತೆಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. 1951ರಲ್ಲಿ ಯಂತ್ರವನ್ನು ನೆಲದ ಮೇಲೆ ಇಟ್ಟು ಓಡಿಸಿ ನೋಡುವಾಗ ನಡುಗುವ ಕಾಯಿಲೆ ಕಾಣಿಸಿಕೊಂಡಿತು. ಗ್ರೌಂಡ್ ರೆಸೊನೆನ್ಸ್ ಎನ್ನುತ್ತಾರೆ. ಬ್ಲೇಡುಗಳು ಬುಡದಲ್ಲಿ ಕೀಲಿನ ಮೇಲೆ ನಿಂತಿರುತ್ತವೆ, ಹಿಂದೆ ಮುಂದೆ ಸ್ವಲ್ಪ ಸರಿಯುತ್ತವೆ. ಮೂರೂ ಸಮ ಅಂತರದಲ್ಲಿ ಇಲ್ಲದಿದ್ದರೆ ರೋಟರಿನ ತೂಕದ ನಡು ಪಕ್ಕಕ್ಕೆ ಹೋಗುತ್ತದೆ. ಕಳೆ ಹೊಡೆಯುವ ಮಷಿನ್ನಿನ ಬ್ಲೇಡಿನ ಒಂದು ಕಡೆ ಕೆಸರು ಮೆತ್ತಿಕೊಂಡರೆ ಕೈಯೆಲ್ಲ ಅದುರುತ್ತದಲ್ಲ, ಹಾಗೆ. ಆದರೆ ಹೆಲಿಕಾಪ್ಟರಿನಲ್ಲಿ ಅಷ್ಟಕ್ಕೇ ನಿಲ್ಲುವುದಿಲ್ಲ. ಯಂತ್ರ ಚಕ್ರದ ಮೇಲೆ ತಾನಾಗಿ ತೂಗಾಡುವ ಒಂದು ಲಯ ಇರುತ್ತದೆ. ರೋಟರಿನ ಅದುರು ಆ ಲಯಕ್ಕೆ ಸರಿಯಾಗಿ ಕೂಡಿಕೊಂಡರೆ, ಒಂದಕ್ಕೊಂದು ಬಲ ಕೊಡುತ್ತಾ ಹೋಗಿ ಕೆಲವೇ ಕ್ಷಣದಲ್ಲಿ ಇಡೀ ಯಂತ್ರ ಮುರಿದು ಬೀಳಬಹುದು. ಬ್ಲೇಡಿನ ಕೀಲಿಗೂ ಚಕ್ರದ ಕಾಲಿಗೂ ಅದುರು ಹೀರಿಕೊಳ್ಳುವ ಡ್ಯಾಂಪರ್ ಹಾಕಿ ಇದನ್ನು ಹತೋಟಿಗೆ ತರಬೇಕು. ಒಂದು ರೋಟರಿಗೇ ಇದು ಕಷ್ಟ. ಉದ್ದ ಮೈಯ ಎರಡು ತುದಿಯಲ್ಲಿ ಎರಡು ಇದ್ದರೆ ಎಷ್ಟು ಕಷ್ಟ ಇರಬೇಡ! ಅದನ್ನು ಬಿಡಿಸಿಕೊಂಡ ಮೇಲೆಯೇ ಅದು ನೆಲ ಬಿಟ್ಟಿದ್ದು. ಕಿಟ್ಟಿನಲ್ಲಿ ಬ್ಲೇಡುಗಳು ಬುಡದಲ್ಲಿ ಗಟ್ಟಿಯಾಗಿ ಕೂತಿವೆ, ಕೀಲು ಇಲ್ಲ. ಇಷ್ಟು ಸಣ್ಣ ಅಳತೆಯಲ್ಲಿ ಕೀಲು ಕೊಡಿ ಎಂದು ಕೇಳುವುದಿಲ್ಲ. ಆದರೆ ಹಾಳೆಯಲ್ಲಿ ಈ ಬಗ್ಗೆ ನಾಲ್ಕು ಸಾಲು ಬರೆಯಬಹುದಿತ್ತು. ಪೂರ್ತಿ ಒಂದು ಪುಟ ಕಂಪನಿಯ ಸ್ಟಿಕ್ಕರಿಗೆ ಹೋಗಿದೆ.

ಬ್ಲೇಡುಗಳು ತೆಳುವಾದ ಮರದವು. ಇದಕ್ಕೆ ಕಾರಣ ಇದೆ, ಮೂಲ ಯಂತ್ರದ ಬ್ಲೇಡೂ ಮರದ್ದೇ. ಹಾಗಾಗಿ ಮಾಡಿದವರ ಮನಸ್ಸು ಒಳ್ಳೆಯದು. ಆದರೆ ಬೆಂಗಳೂರಿನಲ್ಲಿ ಮಾಡಿದ ಮರ ಸಾಗರದ ಆಷಾಢಕ್ಕೆ ತಡೆಯುವುದಿಲ್ಲ. ನಮ್ಮಲ್ಲಿ ಬಟ್ಟೆ ವಾರಗಟ್ಟಲೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಬರುತ್ತದೆ. ಮಳೆ ಹಿಡಿದ ಮೇಲೆ ಎರಡು ಬ್ಲೇಡು ತಿರುಚಿಕೊಂಡವು. ಬಿಸಿಲಿನ ದಿನ ಬಂದಾಗ ಒಣಗಿಸಿ, ತೂಕದ ಕೆಳಗಿಟ್ಟು ನೇರ ಮಾಡಿ, ಎರಡು ಪದರ ವಾರ್ನಿಶ್ ಹೊಡೆದೆ. ಈಗ ಪರವಾಗಿಲ್ಲ. ಮಲೆನಾಡಿನವರು, ಕೊಡಗಿನವರು, ಕರಾವಳಿಯವರು ಜೋಡಿಸುವ ಮೊದಲೇ ವಾರ್ನಿಶ್ ಹೊಡೆಯಿರಿ, ಎಲ್ಲ ಬ್ಲೇಡಿಗೂ ಒಂದೇ ಸಮ. ಇಲ್ಲದಿದ್ದರೆ ತೂಕ ವ್ಯತ್ಯಾಸ ಬರುತ್ತದೆ. ನಿಜವಾದ ಯಂತ್ರಗಳಿಗೂ ಈ ಕಷ್ಟ ಬಂದಿತ್ತು ಎಂಬುದು ವಿಶೇಷ. ಬ್ರಿಟಿಷರು ಸಿಕಮೋರ್ ಹೆಲಿಕಾಪ್ಟರುಗಳನ್ನು ಮಲಯಾದ ಕಾಡಿನ ಮೇಲೆ ಹಾರಿಸಿದಾಗ ಅಲ್ಲಿನ ಸೆಕೆಗೂ ತೇವಕ್ಕೂ ಮರದ ಬ್ಲೇಡುಗಳು ಕೆಟ್ಟು ತೊಂದರೆ ಕೊಟ್ಟವು. 173ರ ವಂಶದ ಮುಂದಿನ ಯಂತ್ರಕ್ಕೆ ಕೊನೆಗೆ ಲೋಹದ ಬ್ಲೇಡು ಹಾಕಿದರು.

ಹೊರಗಿನ ಮೈಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ರಿಂಟರಿನ ಗೆರೆಗಳು ಕಾಣುತ್ತವೆ, ಪಾಲಿಶ್ ಪೇಪರ್ ಹಾಕಿ ತಿಕ್ಕಬೇಕು. ಬಾಲದ ಎರಡು ರೆಕ್ಕೆಗಳು ವಿ ಆಕಾರದಲ್ಲಿ ಸರಿಯಾಗಿವೆ. ಆದರೆ ಮೈಯ ಪಕ್ಕಕ್ಕೆ ಹಚ್ಚಲು ಮೋಟು ರೆಕ್ಕೆಗಳನ್ನೂ ಕೊಟ್ಟಿದ್ದಾರೆ. ಅವು ಎರಡನೇ ಯಂತ್ರದ್ದು. ಅದರ ಗುರುತು ಜಿ-ಎಎಂಜೆಐ, ಹಾರಿದ್ದು 1953ರಲ್ಲಿ. ಮುಂದಕ್ಕೆ ಹಾರುವಾಗ ಭಾರದ ಒಂದು ಪಾಲನ್ನು ರೆಕ್ಕೆ ಹೊತ್ತರೆ ರೋಟರಿಗೆ ಹಗುರ ಎಂದು ಹಾಕಿ ನೋಡಿದ್ದು, ಆಮೇಲೆ ತೆಗೆದರು. ಸ್ಟಿಕ್ಕರಿನಲ್ಲಿ ಮಾತ್ರ ಮೊದಲ ಯಂತ್ರದ ಗುರುತು ಇದೆ. ಹಾಗಾಗಿ ಮೋಟು ರೆಕ್ಕೆ ಹಚ್ಚಬೇಡಿ, ಡಬ್ಬದಲ್ಲೇ ಇರಲಿ.

ಸಿದ್ದಾಪುರದ ಕಡೆಯ ಹಿರಿಯರೊಬ್ಬರು ಅಡಿಕೆ ಸುಲಿಯುವ ಮಷಿನ್ ತಂದಿದ್ದರು. ಟೇಬಲ್ ಮೇಲಿದ್ದ ಇದನ್ನು ನೋಡಿ, "ಇದ್ರಲ್ಲಿ ಮೂಟೆ ಹಾಕಿದ್ರೆ ಎಲ್ಲಿ ಹಾಕ್ಬೇಕು ಮಾರಾಯ, ನಡುವೆನಾ, ಹಿಂದೆನಾ?" ಎಂದು ಕೇಳಿದರು. ಎಷ್ಟು ಒಳ್ಳೆಯ ಪ್ರಶ್ನೆ! ಸಾಗಾಟದ ಹೆಲಿಕಾಪ್ಟರಿಗೆ ಎರಡು ರೋಟರು ಯಾಕೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಒಂದು ಅಡಿಪಟ್ಟಿಯನ್ನು ನಡುವೆ ಒಂದೇ ದಾರದಿಂದ ತೂಗುಹಾಕಿ, ಅದರ ಮೇಲೆ ಒಂದು ನಟ್ಟು ಇಟ್ಟು ತೋರಿಸಿದೆ. ನಟ್ಟು ಸ್ವಲ್ಪ ಸರಿದರೂ ಪಟ್ಟಿ ವಾಲುತ್ತದೆ. ಆಮೇಲೆ ಎರಡು ತುದಿಗೆ ಎರಡು ದಾರ ಕಟ್ಟಿದೆ. ನಟ್ಟನ್ನು ಎಲ್ಲಿಟ್ಟರೂ ನಿಲ್ಲುತ್ತದೆ, ಯಾವ ದಾರದ ಹತ್ತಿರ ಇದೆಯೋ ಅದು ಹೆಚ್ಚು ಹೊರುತ್ತದೆ. ಹೆಲಿಕಾಪ್ಟರಿನಲ್ಲಿ ಆ ಬದಿಯ ರೋಟರಿನ ಬ್ಲೇಡುಗಳ ಕೋನ ಸ್ವಲ್ಪ ಜಾಸ್ತಿ ಮಾಡಿದರೆ ಆಯಿತು. "ಹಂಗಾರೆ ಲಾರಿ ತುಂಬ್ದಂಗೆ ತುಂಬ್ಲಕ್ಕು" ಎಂದರು. ಮಿತಿ ಇದೆ, ಆದರೆ ಒಂದೇ ರೋಟರಿನದಕ್ಕಿಂತ ಬಹಳ ಆರಾಮ.

ಮಾದರಿಯಲ್ಲಿ ಮುಂದಿನ ಎಂಜಿನ್ನನ್ನು ಅದರ ಜಾಗದಲ್ಲೇ ಕೂರಿಸಿದ್ದು ನನಗೆ ಬಹಳ ಇಷ್ಟವಾಯಿತು. ಒಳಗೆ ಎಷ್ಟು ಜಾಗ ತಿಂದಿದೆ ಎಂದು ಪಾರದರ್ಶಕ ಹಾಳೆಯಿಂದ ಕಾಣುತ್ತದೆ. ಹಾಫ್ನರ್ ಬಹಳ ಜಾಣರು, ಆದರೆ ಈ ಒಂದು ವಿಷಯದಲ್ಲಿ ಪಿಯಾಸೆಕಿಯ ದಾರಿಯೇ, ಅಂದರೆ ಎಂಜಿನ್ನನ್ನು ಹಿಂದೆ ಇಡುವುದೇ, ಸರಿ ಎಂದು ನನ್ನ ತೀರ್ಮಾನ. 173 ಕಾರ್ಖಾನೆಯಲ್ಲಿ ಸಾಲಾಗಿ ತಯಾರಾಗುವ ಹಂತಕ್ಕೆ ಬರಲಿಲ್ಲ. ಈಗಲ್ ಎಂಬ ಯುದ್ಧನೌಕೆಯ ಮೇಲೆ ಇಳಿಸಿ ನೋಡಿದರು, ಬ್ರಿಟನ್ನಿನ ವಿಮಾನ ಕಂಪನಿ ಬಿಇಎ ಕೂಡ ಪರೀಕ್ಷೆ ಮಾಡಿತು. ಕೊನೆಗೆ ಅದರಿಂದ ಹುಟ್ಟಿದ್ದು ಬೆಲ್ವೆಡೇರ್. ಅದು 1958ರಲ್ಲಿ ಹಾರಿತು, ಬ್ರಿಟನ್ನಿನ ವಾಯುಪಡೆಯಲ್ಲಿ 1961ರಿಂದ 1969ರವರೆಗೆ ದುಡಿಯಿತು, ಆದರೆ ಮಾಡಿದ್ದು ಬರೀ 26. ಪೆಟ್ರೋಲ್ ಎಂಜಿನ್ ಹೋಗಿ ಟರ್ಬೈನ್ ಬಂತು, ಆದರೆ ಒಂದು ಎಂಜಿನ್ ಪೈಲಟ್ಟಿನ ಬೆನ್ನ ಹಿಂದೆಯೇ ಉಳಿಯಿತು. ಶುರು ಮಾಡುವಾಗ ಬೆಂಕಿ ಹತ್ತಿದ್ದೂ ಉಂಟು. ನೌಕಾಪಡೆಗೆ ಟಾರ್ಪಿಡೋ ಹೊರುವ ಯಂತ್ರ ಮಾಡುವ ಯೋಚನೆ ಇದ್ದದ್ದರಿಂದ ಮುಂದಿನ ಕಾಲುಗಳು ಉದ್ದ, ಬಾಗಿಲು ನೆಲದಿಂದ ಎತ್ತರ. ಸಾಮಾನು ಹತ್ತಿಸುವವರ ಗೋಳು ಯಾರು ಕೇಳಬೇಕು! ಅಷ್ಟಾದರೂ ಏಡನ್, ಬೋರ್ನಿಯೋದಂಥ ಕಡೆ ಅದು ಕೆಲಸ ಮಾಡಿತು. 1962ರಲ್ಲಿ ಕೊವೆಂಟ್ರಿಯ ಹೊಸ ಚರ್ಚಿನ ಶಿಖರವನ್ನು ಮೇಲಿಂದ ತಂದು ಕೂರಿಸಿದ್ದೂ ಬೆಲ್ವೆಡೇರೇ.

ನಮ್ಮ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ನೋಡಿ. 2019ರ ಮಾರ್ಚ್ 25ರಂದು ಚಂಡೀಗಢದಲ್ಲಿ ಸೇರ್ಪಡೆಯಾಯಿತು. ಅದರಲ್ಲೂ ಹಿಂದೆ ಮುಂದೆ ಮೂರು ಮೂರು ಬ್ಲೇಡಿನ ರೋಟರು, ಮೇಲಿಂದ ಉದ್ದಕ್ಕೆ ಹೋದ ಶಾಫ್ಟ್. ಆದರೆ ಎಂಜಿನ್ ಎರಡೂ ಹಿಂದೆ, ಮೈಯಿಂದ ಹೊರಗೆ. ಒಳಗೆ ಈ ತುದಿಯಿಂದ ಆ ತುದಿಗೆ ಜಾಗ ಖಾಲಿ, ಹಿಂದೆ ನೆಲಕ್ಕೆ ತಾಗುವ ಬಾಗಿಲು, ಜೀಪು ಸೀದಾ ಒಳಗೆ ಹೋಗುತ್ತದೆ. 173ರ ಈ ಮಾದರಿಯನ್ನು ಕೈಯಲ್ಲಿ ಹಿಡಿದು ಚಿನೂಕಿನ ಫೋಟೊ ಪಕ್ಕಕ್ಕಿಟ್ಟರೆ ಆ ವ್ಯತ್ಯಾಸ ಮಕ್ಕಳಿಗೂ ತಿಳಿಯುತ್ತದೆ. ಶಿವಮೊಗ್ಗದ ಸೋಗಾನೆಗೆ 2023ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆಯ ಮಕ್ಕಳಿಗೆ ಹಾರುವ ಯಂತ್ರಗಳ ಬಗ್ಗೆ ಆಸೆ ಜಾಸ್ತಿಯಾಗಿದೆ. ಮಗಳ ಶಾಲೆಗೆ ಇದನ್ನು ಒಯ್ದಾಗ ವಿಜ್ಞಾನದ ಮೇಷ್ಟ್ರು ಗೇರಿನ ಪಾಠವನ್ನು ಇದರ ಮೇಲೇ ಮಾಡಿದರು. ಶಾಲೆಗಳು, ಐಟಿಐಗಳು ಒಂದೊಂದು ತರಿಸಿಡಬೇಕು ಎಂದು ನನಗೆ ಬಹಳ ಅನ್ನಿಸುತ್ತದೆ.

ಕೊಳ್ಳುವವರಿಗೆ ಇನ್ನೆರಡು ಮಾತು. ನೈಲಾನ್ ಪಿನಿಯನ್ ಗೇರು ಒಂದು ಜೊತೆ ಜಾಸ್ತಿ ಕೇಳಿ, ಮಕ್ಕಳು ಜೋರಾಗಿ ತಿರುಗಿಸಿದರೆ ಮೊದಲು ಸವೆಯುವುದು ಅದೇ. ನಾನು ಫೋನ್ ಮಾಡಿದಾಗ ದುಡ್ಡು ತಗೊಳ್ಳದೆ ಕಳಿಸಿದರು. ಟೈಮಿಂಗ್ ವಿಷಯವನ್ನೂ, ಡಬ್ಬದ ಮೇಲಿನ ತಪ್ಪನ್ನೂ ಹೇಳಿದ್ದೇನೆ. ಹಾಳೆ ಬದಲಿಸುತ್ತೇವೆ ಎಂದಿದ್ದಾರೆ, ಡಬ್ಬದ ಬಗ್ಗೆ ಏನೂ ಹೇಳಲಿಲ್ಲ. ಬುಷ್‌ಗಳಿಗೆ ಗ್ರೀಸ್ ಹಾಕಬೇಡಿ, ಹೊಲಿಗೆ ಮಷಿನ್ನಿನ ಎಣ್ಣೆ ಒಂದೊಂದು ಹನಿ ಸಾಕು. ಸಾಧ್ಯವಾದರೆ ದೀಪಾವಳಿ ಕಳೆದ ಮೇಲೆ ತರಿಸಿ, ಒಣ ಹವೆಯಲ್ಲಿ ಅಂಟು ಬೇಗ ಹಿಡಿಯುತ್ತದೆ.